ನಮ್ಮ ಮನೆ ಯಾವ ವಲಯದಲ್ಲಿದೆ? ಕಾಸರಗೋಡಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕುಂಬಳೆ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್. ಸಂಜೆ ಹೊತ್ತು ಕೆ-ಟೆಟ್, ಅಂದರೆ ಕೇರಳದ ಶಿಕ್ಷಕ ಅರ್ಹತಾ ಪರೀಕ್ಷೆ, ಬರೆಯುವ ನಾಲ್ಕೈದು ಹುಡುಗಿಯರು ಮನೆಗೆ ಬರುತ್ತಾರೆ. ಮಲಯಾಳದ ನೋಟೀಸು ಓದಿಸಿಕೊಳ್ಳಲು ನೆರೆಯವರೂ ಬರುತ್ತಾರೆ. ಒಬ್ಬರು ಮನಶ್ಶಾಸ್ತ್ರಜ್ಞ ವೈಗೋಟ್‌ಸ್ಕಿಯ ವಲಯ ಕೇಳಿದರೆ, ಇನ್ನೊಬ್ಬರು ಹೊಳೆ ಬದಿಯ ವಲಯ ಕೇಳುತ್ತಾರೆ. ಮೂರನೆಯ ತರಗತಿಯ ಮಗು ಉಷ್ಣವಲಯ ಅಂದರೆ ಏನು ಅನ್ನುತ್ತದೆ. ಒಂದೇ ಪದ, ಮೂರು ತಲೆನೋವು. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟೆ.

ವಲಯ ಅಂದರೆ ಏನು, ಸುಲಭವಾಗಿ ಹೇಳಿ?

ಸುತ್ತು. ಬಳೆಗೂ ಕಡಗಕ್ಕೂ ಹಳೆಯ ಸಂಸ್ಕೃತದಲ್ಲಿ ವಲಯ ಅಂತಲೇ ಹೆಸರು. ಝೋನ್ ಎಂಬ ಪದವೂ ಗ್ರೀಕರ ಸೊಂಟಪಟ್ಟಿಯಿಂದ ಬಂದದ್ದು. ಸರ್ಪಸುತ್ತು ಎಂಬ ಕಾಯಿಲೆಗೆ ಡಾಕ್ಟರು ಝೋಸ್ಟರ್ ಅಂತ ಬರೆಯುತ್ತಾರಲ್ಲ, ಅದೂ ಅದೇ ಮೂಲ. ನಮ್ಮವರು ಸುತ್ತು ಅಂದದ್ದನ್ನೇ ಅವರು ಪಟ್ಟಿ ಅಂದರು.

ಒಂದು ಮಾತು ನೆನಪಿಡಿ. ಭೂಮಿಯಲ್ಲಿ ಯಾವ ವಲಯವೂ ಮೊದಲೇ ಗೀಚಿ ಇಟ್ಟಿರುವುದಿಲ್ಲ. ಯಾರೋ ಒಬ್ಬರು, ಯಾವುದೋ ಒಂದು ಕೆಲಸಕ್ಕೆ, ಯಾವುದೋ ಒಂದು ಅಳತೆ ಹಿಡಿದು ಎಳೆದ ಗೆರೆ ಅದು. ಆ ಅಳತೆ ಯಾವುದು ಅಂತ ಕೇಳಿದರೆ ಅರ್ಧ ಗೊಂದಲ ಕಮ್ಮಿಯಾಗುತ್ತದೆ.

ವಲಯ ಅರಣ್ಯಾಧಿಕಾರಿ, ಸಾರ್ವಜನಿಕ ವಲಯ, ಸಾಹಿತ್ಯ ವಲಯ. ಇವೆಲ್ಲ ಒಂದೇನಾ?

ಅಲ್ಲ. ಇದು ನಮ್ಮ ಅನುವಾದಕರ ಉಪಕಾರ. ಅರಣ್ಯ ಇಲಾಖೆಯಲ್ಲಿ ವಲಯ ಅಂದರೆ ರೇಂಜ್. ಬ್ಯಾಂಕಿನ ಮಾತಿಗೆ ಬಂದರೆ ಸೆಕ್ಟರ್. ಸಾಹಿತ್ಯಕ್ಕೆ ಬಂದರೆ ಸುಮ್ನೆ ಗೆಳೆಯರ ಗುಂಪು. ಪದ ನೋಡಿ ಅರ್ಥ ಹೇಳಬೇಡಿ, ವಾಕ್ಯ ನೋಡಿ ಹೇಳಿ.

ನಾವು ಉಷ್ಣವಲಯದಲ್ಲಿದ್ದೇವೆ. ಅಂದರೆ ಸೆಕೆ ಜಾಸ್ತಿ ಅಂತ ತಾನೇ?

ಎಲ್ಲರೂ ಹಾಗೇ ಬರೆಯುತ್ತಾರೆ. ಆದರೆ ಈ ವಲಯದ ಅಳತೆ ಸೆಕೆಯಲ್ಲ, ಸೂರ್ಯ. ಸಮಭಾಜಕ ವೃತ್ತದಿಂದ ಉತ್ತರಕ್ಕೂ ದಕ್ಷಿಣಕ್ಕೂ 23½ ಡಿಗ್ರಿವರೆಗಿನ ಊರುಗಳಲ್ಲಿ ಸೂರ್ಯ ವರ್ಷಕ್ಕೊಮ್ಮೆಯಾದರೂ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಅದರಾಚೆ ಯಾವತ್ತೂ ಬರುವುದಿಲ್ಲ. ಅಷ್ಟೇ ವಿಷಯ. ಮಡಿಕೇರಿಯೂ ಉಷ್ಣವಲಯದಲ್ಲೇ ಇದೆ, ಅಲ್ಲಿ ಸ್ವೆಟರ್ ಹಾಕುತ್ತಾರೆ. ದೆಹಲಿ ಉಷ್ಣವಲಯದ ಹೊರಗಿದೆ, ಮೇ ತಿಂಗಳಲ್ಲಿ ಅಲ್ಲಿ ಹೋಗಿ ನಿಂತು ನೋಡಿ.

ಈ ವಲಯಗಳ ಬಗ್ಗೆ ಬರೆದ ಹಳಬರಲ್ಲಿ ಅರಿಸ್ಟಾಟಲ್ ಒಬ್ಬ. ನಡುವಿನ ವಲಯದಲ್ಲಿ ಬಿಸಿಲಿಗೆ ಮನುಷ್ಯರು ಬದುಕಲು ಸಾಧ್ಯವೇ ಇಲ್ಲ ಅಂತ ಅವನು ತಿಳಿದಿದ್ದ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ನಮ್ಮ ಊರನ್ನು ಅವನು ಜುಲೈಯಲ್ಲಿ ನೋಡಬೇಕಿತ್ತು.

ಗಡಿಯಾರದಲ್ಲಿ 12 ಹೊಡೆದರೂ ಇಲ್ಲಿ ಸೂರ್ಯ ನೆತ್ತಿಗೆ ಬರುವುದಿಲ್ಲವಲ್ಲ?

ಬರುವುದು ಹೆಚ್ಚುಕಮ್ಮಿ 12.30ಕ್ಕೆ. ಭಾರತದ ಸಮಯ 82½ ಡಿಗ್ರಿ ಪೂರ್ವ ರೇಖಾಂಶದ್ದು, ಅದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುತ್ತದೆ. ಕಾಸರಗೋಡು ಇರುವುದು ಸುಮಾರು 75 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ 4 ನಿಮಿಷ. ಏಳೂವರೆ ಡಿಗ್ರಿಗೆ ಅರ್ಧ ಗಂಟೆ. ನಮ್ಮ ಕೈಗಡಿಯಾರ ನಮ್ಮ ಸೂರ್ಯನಿಗಿಂತ ಅರ್ಧ ಗಂಟೆ ಮುಂದೆ ಓಡುತ್ತಿದೆ.

ಇದನ್ನು ಮಕ್ಕಳಿಗೆ ತೋರಿಸಲು ಒಂದು ದಾರಿ ಇದೆ. ಕಾಸರಗೋಡು 12½ ಡಿಗ್ರಿ ಉತ್ತರದಲ್ಲಿದೆ. ಹಾಗಾಗಿ ಏಪ್ರಿಲ್ ನಾಲ್ಕನೇ ವಾರದಲ್ಲಿ ಒಮ್ಮೆ, ಆಗಸ್ಟ್ ಮೂರನೇ ವಾರದಲ್ಲಿ ಇನ್ನೊಮ್ಮೆ ಸೂರ್ಯ ನೇರ ತಲೆ ಮೇಲೆ. ಏಪ್ರಿಲ್‌ನಲ್ಲಿ ಒಂದು ಕೊಡಪಾನ ಅಂಗಳದಲ್ಲಿಟ್ಟು ನೋಡಿ. 12 ಗಂಟೆಗೆ ಅದರ ನೆರಳು ಒಂದು ಬದಿಗೆ ಇಣುಕುತ್ತಿರುತ್ತದೆ. 12.30ಕ್ಕೆ ನೆರಳು ಕೊಡದ ಅಡಿಗೆ ಹೋಗಿರುತ್ತದೆ. ಬಾವಿಗೆ ಬಗ್ಗಿದರೆ ತಳದ ನೀರಿನಲ್ಲಿ ಸೂರ್ಯ ಕಾಣುತ್ತಾನೆ. ಜಾಗ್ರತೆ, ಆ ಪ್ರತಿಬಿಂಬವೂ ಕಣ್ಣು ಕುಕ್ಕುತ್ತದೆ. ಆಗಸ್ಟ್‌ನ ದಿನ ಸಾಮಾನ್ಯವಾಗಿ ಮೋಡಕ್ಕೆ ಹೋಗುತ್ತದೆ, ಅದನ್ನು ನಂಬಿ ಪಾಠ ಇಟ್ಟುಕೊಳ್ಳಬೇಡಿ.

ಕಡಲು ಮೂರು ಕಿಲೋಮೀಟರ್ ದೂರ. ಹೊಳೆ ಬದಿಯ ಜಾಗಕ್ಕೆ ಎಲ್ಲಿಯ ಸಿಆರ್‌ಝಡ್?

ನಮ್ಮ ಬಾವನೂ ಇದನ್ನೇ ಕೇಳಿದರು. ಅವರಿಗೆ ಶಿರಿಯ ಹೊಳೆಯ ಬದಿಯಲ್ಲಿ 14 ಸೆಂಟ್ ಜಾಗ. ಮನೆ ಕಟ್ಟಲು ಅರ್ಜಿ ಹಾಕಿದರು. ಫೈಲು ಮೂರು ಸಲ ವಾಪಸ್ ಬಂತು. ಮೊದಲ ಸಲ ಸಹಿ ಇಲ್ಲ ಅಂದರು, ಎರಡನೇ ಸಲ ಸ್ಕೆಚ್ ಸರಿಯಿಲ್ಲ ಅಂದರು. ನಿಜವಾದ ಕಾರಣ ಸಿಆರ್‌ಝಡ್ ಅಂತ ಮೂರನೇ ಸಲ ಒಬ್ಬ ಗುಮಾಸ್ತೆ ಬಾಯಿಬಿಟ್ಟು ಹೇಳಿದ ಮೇಲೆಯೇ ಗೊತ್ತಾದದ್ದು. ಮೊದಲೇ ಹೇಳಿದ್ದರೆ ಎಂಟು ತಿಂಗಳು ಉಳಿಯುತ್ತಿತ್ತು.

ಸಿಆರ್‌ಝಡ್ ಅಂದರೆ ಕರಾವಳಿ ನಿಯಂತ್ರಣ ವಲಯ, ನೀರಿನ ಬದಿಯಲ್ಲಿ ಕಟ್ಟಡಕ್ಕೆ ಮಿತಿ ಹಾಕುವ ಗೆರೆ. ಅದು ಮೊದಲು ಬಂದದ್ದು 1991ರ ಫೆಬ್ರವರಿಯಲ್ಲಿ, 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿ. ಆಮೇಲೆ 2011ರಲ್ಲಿ ಒಂದು, 2019ರಲ್ಲಿ ಒಂದು ಹೊಸ ಅಧಿಸೂಚನೆ ಬಂತು. ಕಡಲ ಬದಿಯಲ್ಲಿ ಭರತದ ಗೆರೆಯಿಂದ, ಅಂದರೆ ಉಬ್ಬರದ ನೀರು ಏರುವ ಗೆರೆಯಿಂದ, 500 ಮೀಟರ್ ಅಂತ ಎಲ್ಲರಿಗೂ ಗೊತ್ತು. ಜನ ಮರೆಯುವುದು ಹೊಳೆಯನ್ನು. ಉಬ್ಬರದ ನೀರು ಎಲ್ಲಿಯವರೆಗೆ ಒಳಗೆ ನುಗ್ಗುತ್ತದೋ ಅಲ್ಲಿಯವರೆಗೆ ಹೊಳೆಯ ಎರಡೂ ದಡಕ್ಕೆ ಈ ವಲಯ ಅನ್ವಯ.

ಎಲ್ಲಿಯವರೆಗೆ ಅಂತ ತೀರ್ಮಾನಿಸುವುದು ಹೇಗೆ? ಉಪ್ಪಿನಿಂದ. ವರ್ಷದ ಅತಿ ಒಣ ಕಾಲದಲ್ಲಿ ನೀರು ಪರೀಕ್ಷೆ ಮಾಡಬೇಕು, ಸಾವಿರ ಪಾಲಿನಲ್ಲಿ 5 ಪಾಲು ಉಪ್ಪು ಸಿಗುವ ಜಾಗವೇ ಕೊನೆ. ಲೀಟರಿಗೆ 5 ಗ್ರಾಂ, ಒಂದು ಟೀ ಚಮಚಕ್ಕಿಂತ ಸ್ವಲ್ಪ ಕಮ್ಮಿ. ಕಡಲ ನೀರಿನಲ್ಲಿ ಅದು ಸುಮಾರು 35 ಗ್ರಾಂ ಇರುತ್ತದೆ. ಮಳೆಗಾಲದಲ್ಲಿ ಬಾವ ಆ ನೀರನ್ನು ಬೊಗಸೆಯಲ್ಲಿ ಕುಡಿದು ತೋರಿಸಿದ್ದರು, ಸಿಹಿ ನೀರು ಅಂತ. ಅವರ ಅತ್ತೆ ಮಾತ್ರ ಸುಮ್ಮನೆ ನಕ್ಕರು. "ಏಪ್ರಿಲಿನಲ್ಲಿ ದನ ಈ ನೀರು ಮೂಸಿ ನೋಡಿ ಹಿಂದೆ ಬರ್ತದೆ ಮಾರಾಯ" ಅಂದರು. ಕಾನೂನು ಹೇಳುವುದೂ ದನ ಹೇಳಿದ್ದನ್ನೇ. ಕಾಸರಗೋಡು ಪಟ್ಟಣಕ್ಕೆ ಕುಡಿಯುವ ನೀರು ಎತ್ತುವ ಬಾವಿಕ್ಕೆರೆಗೂ ಬೇಸಿಗೆಯಲ್ಲಿ ಉಪ್ಪು ನೀರು ಬಂದು ಪೇಟೆಯವರ ಚಹಾ ಕೆಟ್ಟದ್ದು ನೆನಪಿದೆಯಲ್ಲ? ಅಷ್ಟು ಒಳಗೆ ಹೋಗುತ್ತದೆ ಕಡಲು.

ಇನ್ನು ಅಗಲ. 2011ರ ಅಧಿಸೂಚನೆಯಲ್ಲಿ ಇಂಥ ಹೊಳೆಗೆ 100 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಮ್ಮಿಯೋ ಅದು. 2019ರದ್ದರಲ್ಲಿ 100ರ ಬದಲು 50 ಮೀಟರ್. ಆದರೆ ಹೊಸದು ಜಾರಿಗೆ ಬರುವುದು ರಾಜ್ಯದ ಹೊಸ ನಕ್ಷೆಗೆ ಒಪ್ಪಿಗೆ ಸಿಕ್ಕಿದ ಮೇಲೆ, ಕೇರಳಕ್ಕೆ ಅದು ಸಿಕ್ಕಿದ್ದು 2024ರಲ್ಲಿ. ಹಾಗಾಗಿ ನಿಮ್ಮ ಅರ್ಜಿಗೆ ಯಾವ ವರ್ಷದ ನಿಯಮ ಹಿಡಿಯುತ್ತಾರೆ ಅಂತ ಮೊದಲ ದಿನವೇ ಕೇಳಿ. ಬಾವನ ಜಾಗದ ಹತ್ತಿರ ಹೊಳೆ ಸಪೂರ. ಹಗ್ಗ ಹಿಡಿದು ಅಳೆದಾಗ 40 ಮೀಟರ್ ಆಸುಪಾಸು ಬಂತು. ಯಾವ ನಿಯಮ ಹಿಡಿದರೂ ಗೆರೆ ಅಲ್ಲೇ. ಅಂದರೆ ಜಾಗದ ಮೇಲಿನ ತುದಿ ವಲಯದ ಹೊರಗೆ ಉಳಿಯಿತು.

ಹಳೆಯ ಮನೆ ಇದ್ದರೆ ಕೆಡವಬೇಕಾ?

ಕೊಚ್ಚಿಯ ಮರಡಿನಲ್ಲಿ 2020ರ ಜನವರಿಯಲ್ಲಿ ನಾಲ್ಕು ಅಪಾರ್ಟ್‌ಮೆಂಟ್ ಸಮುಚ್ಚಯಗಳನ್ನು ಸುಪ್ರೀಂ ಕೋರ್ಟ್ ಆದೇಶದಂತೆ ಉರುಳಿಸಿದ್ದನ್ನು ಟಿವಿಯಲ್ಲಿ ನೋಡಿದ ಮೇಲೆ ಎಲ್ಲರಿಗೂ ಈ ಹೆದರಿಕೆ. ಅಲ್ಲಿ ಆದದ್ದು ನಿಯಮ ಬಂದ ಮೇಲೆ ನಿಯಮ ಮೀರಿ ಕಟ್ಟಿದ ಕಟ್ಟಡಗಳ ಕತೆ. ಅನುಮತಿ ಇರುವ ಹಳೆಯ ಮನೆಯನ್ನು ರಿಪೇರಿ ಮಾಡಬಹುದು, ಇದ್ದ ಅಡಿಪಾಯದ ಅಳತೆ ಮೀರದೆ ಹೊಸದಾಗಿ ಕಟ್ಟಲೂ ಅವಕಾಶವಿದೆ. ಕಾಗದ ಹುಡುಕಿ ತೆಗೆದಿಡಿ.

ಕಡಲಿನ ಮೇಲೂ ಗೆರೆ ಉಂಟಾ?

ಉಂಟು. 1976ರ ಕಾಯ್ದೆಯಂತೆ ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್, ನಮ್ಮ ಪ್ರಾದೇಶಿಕ ಸಮುದ್ರ. 200 ಮೈಲಿವರೆಗೆ ವಿಶೇಷ ಆರ್ಥಿಕ ವಲಯ. 12 ಮೈಲಿ ಒಳಗಿನ ಮೀನುಗಾರಿಕೆ ರಾಜ್ಯದ ಕೈಯಲ್ಲಿ, ಅದರಾಚೆಯದ್ದು ಕೇಂದ್ರದ ಕೈಯಲ್ಲಿ. ಹಾಗಾಗಿ ಕೇರಳ, ಕರ್ನಾಟಕದ ನಡುವಿನ ತಲಪಾಡಿಯ ಗಡಿ ಹೆದ್ದಾರಿಗೆ ನಿಲ್ಲುವುದಿಲ್ಲ, ನೀರಿಗೂ ಇಳಿಯುತ್ತದೆ. ಕರ್ನಾಟಕದಲ್ಲಿ ಟ್ರಾಲಿಂಗ್ ನಿಷೇಧ ಜೂನ್ 1ರಿಂದ 61 ದಿನ. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ 52 ದಿನ. ನಡುವಿನ ಒಂಬತ್ತು ದಿನ ಮಂಜೇಶ್ವರದ ಬೋಟಿಗೆ ಕಡಲು ತೆರೆದಿರುತ್ತದೆ, ಉಳ್ಳಾಲದ ಬೋಟಿಗೆ ಮುಚ್ಚಿರುತ್ತದೆ. ಬಂಗುಡೆಗೆ ಇದು ಗೊತ್ತಿರುವಂತೆ ಕಾಣುವುದಿಲ್ಲ.

ಝಡ್‌ಪಿಡಿ ಅಂದರೆ ಏನು? ಕೆ-ಟೆಟ್‌ನಲ್ಲಿ ಪ್ರತಿ ಸಲ ಕೇಳುತ್ತಾರೆ.

ಲೆವ್ ವೈಗೋಟ್‌ಸ್ಕಿ ಹೇಳಿದ ಸಮೀಪ ವಿಕಾಸದ ವಲಯ. ಅವನು ಹುಟ್ಟಿದ್ದು 1896ರಲ್ಲಿ, ಕ್ಷಯರೋಗದಿಂದ ತೀರಿಕೊಂಡದ್ದು 1934ರಲ್ಲಿ, ಬರೇ 37 ವರ್ಷಕ್ಕೆ. ಮಗು ತಾನೊಬ್ಬನೇ ಮಾಡಬಲ್ಲದ್ದು ಒಂದು ಗೆರೆ. ದೊಡ್ಡವರ ಅಥವಾ ಹೆಚ್ಚು ತಿಳಿದ ಜೊತೆಗಾರರ ಸಹಾಯ ಸಿಕ್ಕಿದರೆ ಮಾಡಬಲ್ಲದ್ದು ಇನ್ನೊಂದು ಗೆರೆ. ನಡುವಿನ ಜಾಗವೇ ಈ ವಲಯ.

ಅವನು ಕೊಟ್ಟ ಉದಾಹರಣೆ ಹೀಗೆ. ಇಬ್ಬರು ಮಕ್ಕಳು, ಪರೀಕ್ಷೆಯಲ್ಲಿ ಇಬ್ಬರದೂ 8 ವರ್ಷದ ಮಟ್ಟ. ಸ್ವಲ್ಪ ಸುಳಿವು ಕೊಟ್ಟು ಮುಂದಿನ ಲೆಕ್ಕ ಕೊಟ್ಟಾಗ ಒಂದು ಮಗು 12ರ ಮಟ್ಟದವರೆಗೆ ಹೋಯಿತು. ಇನ್ನೊಂದು 9ಕ್ಕೆ ನಿಂತಿತು. ಒಂದರ ವಲಯ 4, ಇನ್ನೊಂದರದು 1. ಅಂಕಪಟ್ಟಿಯಲ್ಲಿ ಇಬ್ಬರೂ ಒಂದೇ.

ವ್ಯಾಖ್ಯೆ ಬಾಯಿಪಾಠ ಮಾಡಿದರೆ ಪರೀಕ್ಷೆಗೆ ಸಾಕು. ಪಾಠ ಮಾಡಲು ಸಾಲದು. ನನ್ನ ತರಗತಿಯಲ್ಲಿ ನಡೆದದ್ದು ಹೇಳುತ್ತೇನೆ. 52ರಿಂದ 27 ಕಳೆಯಬೇಕು. ಇಬ್ಬರು ಹುಡುಗರು 35 ಅಂತ ಬರೆದರು. ಯಾಕೆ ಗೊತ್ತಲ್ಲ? 2ರಿಂದ 7 ಹೋಗುವುದಿಲ್ಲ, ಹಾಗಾಗಿ 7ರಿಂದ 2 ತೆಗೆದರು. ನಾನು ಹಿಡಿಸೂಡಿಯಿಂದ ಕಡ್ಡಿ ಕಿತ್ತು, ಹತ್ತು ಹತ್ತರ ಐದು ಕಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕಿದೆ. ಪಕ್ಕದಲ್ಲಿ ಬಿಡಿ ಎರಡು ಕಡ್ಡಿ. "ಇದರಿಂದ ಏಳು ಕಡ್ಡಿ ನನಗೆ ಕೊಡು" ಅಂದೆ.

ಒಬ್ಬ ಎರಡು ಬಿಡಿ ಕಡ್ಡಿ ಕೊಟ್ಟು ನನ್ನ ಮುಖ ನೋಡಿದ. ನಾನು ಏನೂ ಹೇಳಲಿಲ್ಲ. ಒಂದು ಕಟ್ಟನ್ನು ಬೆರಳಿನಿಂದ ಅವನ ಕಡೆ ದೂಡಿದೆ, ಅಷ್ಟೇ. ಅವನೇ ರಬ್ಬರ್ ಬ್ಯಾಂಡ್ ಬಿಚ್ಚಿದ. ಐದು ಎಣಿಸಿ ಕೊಟ್ಟ. ಮತ್ತೆ ಎರಡು ಕಟ್ಟು ಇಡಿಯಾಗಿ ಕೊಟ್ಟ. ಉಳಿದದ್ದು 25. ಹತ್ತು ನಿಮಿಷದಲ್ಲಿ ನೂರರ ಲೆಕ್ಕಕ್ಕೆ ದೊಡ್ಡ ಕಟ್ಟು ಮಾಡಿ ಕೊಡಿ ಅಂತ ಕೇಳಿದ. ಇನ್ನೊಬ್ಬನಿಗೆ ಕಟ್ಟು ಬಿಚ್ಚಿ ಕೊಟ್ಟರೂ ಅದು ಹತ್ತು ಕಡ್ಡಿ ಅಂತ ಪ್ರತಿ ಸಲ ಮೊದಲಿಂದ ಎಣಿಸಬೇಕಿತ್ತು. ಅವನ ವಲಯ ಅಲ್ಲಿತ್ತು, ಹತ್ತನ್ನು ಒಂದು ಕಟ್ಟಾಗಿ ನೋಡುವುದರಲ್ಲಿ. ಅವನಿಗೆ ಕಳೆಯುವ ಲೆಕ್ಕ ಇನ್ನೂ ನೂರು ಕೊಟ್ಟರೂ ಪ್ರಯೋಜನ ಇರಲಿಲ್ಲ. ಇಬ್ಬರದೂ ತಪ್ಪು ಒಂದೇ, 35.

ಹೊಳೆಯ ಬದಿಯ ಗೆರೆ ಬದಲಾಗಲು ವರ್ಷಗಳು ಬೇಕು. ಈ ಗೆರೆ ಹತ್ತು ನಿಮಿಷದಲ್ಲಿ ಸರಿಯುತ್ತದೆ. ಮಗುವಿಗೆ 'ನಿನ್ನ ವಲಯ ಇಷ್ಟು' ಅಂತ ಹಣೆಗೆ ಬರೆದು ಇಡುವವರು ವೈಗೋಟ್‌ಸ್ಕಿಯನ್ನು ತಲೆಕೆಳಗೆ ಓದಿದವರು.

ಸ್ಕ್ಯಾಫೋಲ್ಡಿಂಗ್, ಕಂಫರ್ಟ್ ಝೋನ್, ಇವೂ ವೈಗೋಟ್‌ಸ್ಕಿಯದೇ ಅಲ್ವಾ?

ಅಲ್ಲ. ಸ್ಕ್ಯಾಫೋಲ್ಡಿಂಗ್ ಎಂಬ ಪದವನ್ನು ಕಲಿಕೆಗೆ ತಂದವರು ವುಡ್, ಬ್ರೂನರ್ ಮತ್ತು ರಾಸ್, 1976ರಲ್ಲಿ. ಗಾರೆಯವರು ಕಟ್ಟಿ ಕೆಲಸ ಮುಗಿದ ಮೇಲೆ ಬಿಚ್ಚುವ ಸಾರುವೆ ಇದೆಯಲ್ಲ, ಅದೇ. ಬಿಚ್ಚುವುದು ಮುಖ್ಯ. ಕಂಫರ್ಟ್ ಝೋನ್, ಪ್ಯಾನಿಕ್ ಝೋನ್ ಎಲ್ಲ ಆಮೇಲಿನ ತರಬೇತಿದಾರರ ಚಿತ್ರ. ಉಪಯೋಗವಿಲ್ಲ ಅನ್ನುವುದಿಲ್ಲ, ಉತ್ತರಪತ್ರಿಕೆಯಲ್ಲಿ ಅವನ ಹೆಸರಿಗೆ ಅಂಟಿಸಬೇಡಿ.

ಮಗು ಮನೆಯಲ್ಲಿ ಬ್ಯಾರಿ ಮಾತಾಡುತ್ತದೆ, ಶಾಲೆ ಕನ್ನಡ. ಇದು ಕಲಿಕೆಗೆ ಅಡ್ಡಿಯಾ?

ಕಾಸರಗೋಡಿನಲ್ಲಿ ಮನೆಮಾತೂ ಶಾಲೆಯ ಮಾತೂ ಒಂದೇ ಇರುವ ಮಗುವನ್ನೇ ಹುಡುಕಬೇಕು. ತುಳು, ಮಲಯಾಳ, ಕೊಂಕಣಿ, ಮರಾಠಿ, ಹವ್ಯಕ, ಬ್ಯಾರಿ, ಉರ್ದು, ಎಲ್ಲ ಒಂದೇ ಬೆಂಚಿನಲ್ಲಿ. ಹೆಚ್ಚು ತಿಳಿದ ಜೊತೆಗಾರ ಅಂದನಲ್ಲ ವೈಗೋಟ್‌ಸ್ಕಿ, ಇಲ್ಲಿ ಅವನು ಪಕ್ಕದಲ್ಲೇ ಕೂತಿರುತ್ತಾನೆ. ಮೇಲಿನ ಎರಡನೇ ಹುಡುಗನಿಗೆ ಹತ್ತರ ಕಟ್ಟು ತಲೆಗೆ ಹೋದದ್ದು ನನ್ನಿಂದಲ್ಲ, ಪಕ್ಕದ ಹುಡುಗಿ ಬ್ಯಾರಿಯಲ್ಲಿ ಹೇಳಿದ್ದರಿಂದ. ತರಗತಿಯಲ್ಲಿ ಮನೆಮಾತು ಆಡಿದರೆ ಬೈಯುವ ಟೀಚರುಗಳು ಒಂದು ಸಲ ಸುಮ್ಮನೆ ಕೂತು ಕೇಳಿಸಿಕೊಂಡರೆ ಒಳ್ಳೆಯದು.

ಚಂದ್ರಗಿರಿ ಹೊಳೆಯೇ ಕನ್ನಡದ ಗಡಿ ಅಂತಾರೆ. ನಿಜವಾ?

ಕಾಗದದಲ್ಲಿ ಒಮ್ಮೆ ಹಾಗೆ ಬರೆದಿದ್ದರು. ಮೊದಲು ಇಡೀ ಕಾಸರಗೋಡು ತಾಲೂಕು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ಕ್ಕೆ ರಾಜ್ಯ ಪುನರ್ವಿಂಗಡಣೆಯಾದಾಗ ಉಳಿದ ಜಿಲ್ಲೆ ಮೈಸೂರಿಗೆ, ಈ ತಾಲೂಕು ಕೇರಳಕ್ಕೆ ಹೋಯಿತು. 1966ರಲ್ಲಿ ನೇಮಕವಾದ ಮಹಾಜನ್ ಆಯೋಗ 1967ರ ವರದಿಯಲ್ಲಿ ಚಂದ್ರಗಿರಿಯ ಉತ್ತರದ ಭಾಗವನ್ನು ಮೈಸೂರಿಗೆ ಕೊಡಬೇಕು ಅಂತ ಶಿಫಾರಸು ಮಾಡಿತು. ಅದು ಜಾರಿಯಾಗಲಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈಯವರು ಕಾಸರಗೋಡು ಕನ್ನಡನಾಡಿಗೆ ಸೇರಬೇಕು ಅಂತ ಕೊನೆಯವರೆಗೂ ಹೇಳುತ್ತಲೇ ಇದ್ದು, 2015ರಲ್ಲಿ ನೂರು ತುಂಬಿಸಿ ತೀರಿಕೊಂಡರು. 1984ರ ಮೇ 24ಕ್ಕೆ ಕಾಸರಗೋಡು ಕೇರಳದ ಪ್ರತ್ಯೇಕ ಜಿಲ್ಲೆಯಾಯಿತು.

ಮಾತಿನ ಲೆಕ್ಕಕ್ಕೆ ಬಂದರೆ ಹೊಳೆ ಗೆರೆಯಲ್ಲ. ಹೊಳೆಯ ಉತ್ತರಕ್ಕೆ ಮಲಯಾಳದ ಮನೆಗಳಿವೆ, ದಕ್ಷಿಣಕ್ಕೆ ಕನ್ನಡ, ತುಳು ಮನೆಗಳಿವೆ. ಒಂದೊಂದು ಪದಕ್ಕೂ ಒಂದೊಂದು ಗೆರೆ. 'ಇದೆ' ನಿಂತು 'ಉಂಟು' ಶುರುವಾಗುವ ಜಾಗ ಒಂದಾದರೆ 'ಏನು' ಹೋಗಿ 'ಎಂತ' ಬರುವ ಜಾಗ ಇನ್ನೊಂದು. ಭಾಷೆಗೆ ಇರುವುದು ಗೆರೆಯಲ್ಲ, ಅಗಲವಾದ ಪಟ್ಟಿ. ಆ ಪಟ್ಟಿಯಲ್ಲಿ ನಾವು ಮನೆ ಕಟ್ಟಿಕೊಂಡಿದ್ದೇವೆ.

ಭಾಷಾ ಅಲ್ಪಸಂಖ್ಯಾತ ಪ್ರದೇಶ ಅನ್ನಿಸಿಕೊಂಡರೆ ಕೈಗೆ ಏನು ಸಿಗುತ್ತದೆ?

ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಿ ಅಂತ ರಾಜ್ಯಗಳಿಗೆ ಹೇಳುತ್ತದೆ. ಇದು ಸೇರಿದ್ದು 1956ರ ಏಳನೇ ತಿದ್ದುಪಡಿಯಲ್ಲಿ. ತರಗತಿಯಲ್ಲಿ 10 ಮಕ್ಕಳು ಅಥವಾ ಶಾಲೆಯಲ್ಲಿ 40 ಮಕ್ಕಳಿದ್ದರೆ ಆ ಭಾಷೆಯ ಶಿಕ್ಷಕರನ್ನು ಕೊಡಬೇಕು ಎಂಬ ಸೂತ್ರ ಇನ್ನೂ ಹಳೆಯದು, 1949ರದು. ಕೇರಳದ 1969ರ ಅಧಿಕೃತ ಭಾಷಾ ಕಾನೂನಿನಲ್ಲೂ ಕನ್ನಡಿಗರು ಸರ್ಕಾರದ ಜೊತೆ ಕನ್ನಡದಲ್ಲಿ ಪತ್ರ ವ್ಯವಹಾರ ಮಾಡಲು ಅವಕಾಶವಿದೆ. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಎಂಬ ಕಾನೂನು ಬಂದಾಗ ಇಲ್ಲಿ ಜನ ಬೀದಿಗಿಳಿದದ್ದು ಇದೇ ಹಕ್ಕಿಗಾಗಿ.

ನನ್ನ ಅನುಭವ ಹೇಳಲಾ? ಕನ್ನಡದಲ್ಲಿ ಅರ್ಜಿ ಕೊಟ್ಟರೆ ತೆಗೆದುಕೊಳ್ಳುತ್ತಾರೆ. ಉತ್ತರ ಮಾತ್ರ ಬಹಳ ಸಲ ಮಲಯಾಳದಲ್ಲೇ ಬರುತ್ತದೆ. ಆಗ ನೆರೆಯವರು ಆ ಕಾಗದ ಹಿಡಿದು ನನ್ನ ಮನೆಗೆ ಬರುತ್ತಾರೆ.

ವಲಯ ಪರಿಷತ್ತು ಅಂತ ಒಂದಿದೆಯಂತೆ, ಅದಕ್ಕೂ ನಮಗೂ ಏನು?

ಕಾಸರಗೋಡನ್ನು ಕೇರಳಕ್ಕೆ ಕೊಟ್ಟ ಅದೇ 1956ರ ಕಾಯ್ದೆ ಐದು ವಲಯ ಪರಿಷತ್ತುಗಳನ್ನೂ ಹುಟ್ಟಿಸಿತು. ಕರ್ನಾಟಕ, ಕೇರಳ ಎರಡೂ ದಕ್ಷಿಣದ್ದರಲ್ಲಿವೆ. ಅಧ್ಯಕ್ಷರು ಕೇಂದ್ರ ಗೃಹ ಸಚಿವರು. ಗಡಿ ತಕರಾರು, ಭಾಷಾ ಅಲ್ಪಸಂಖ್ಯಾತರ ವಿಷಯ, ರಾಜ್ಯಗಳ ನಡುವಿನ ಸಾರಿಗೆ, ಮೂರನ್ನೂ ಚರ್ಚಿಸಬಹುದು ಅಂತ ಕಾಯ್ದೆಯಲ್ಲೇ ಇದೆ. ನಮ್ಮನ್ನು ನೆನೆಸಿಯೇ ಬರೆದ ಹಾಗಿದೆ. ಆದರೆ ಅದು ಸಲಹೆ ಕೊಡಬಹುದು, ಆಜ್ಞೆ ಮಾಡುವ ಹಾಗಿಲ್ಲ.

ಕೊರೊನಾ ಕಾಲದ ಕೆಂಪು ವಲಯ?

ಅದರ ಅಳತೆ ಜಿಲ್ಲೆ. ಜಿಲ್ಲೆಯ ದಕ್ಷಿಣ ತುದಿಯ ತೃಕ್ಕರಿಪುರದವರಿಗೂ ಉತ್ತರ ತುದಿಯ ಮಂಜೇಶ್ವರದವರಿಗೂ ಒಂದೇ ಬಣ್ಣ, ಗೋಡೆಯಾಚೆಯ ತಲಪಾಡಿಯವರಿಗೆ ಬೇರೆ ಜಿಲ್ಲೆಯ ಲೆಕ್ಕ. 2020ರ ಮಾರ್ಚ್ ಕೊನೆಗೆ ಗಡಿ ರಸ್ತೆಗಳಿಗೆ ಮಣ್ಣು ಸುರಿದರು. ಜ್ವರಕ್ಕೂ ಹೆರಿಗೆಗೂ ಮಂಗಳೂರನ್ನೇ ನಂಬಿದ್ದ ಊರು ಇದು. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟ್ ಅಡೆತಡೆ ತೆಗೆಸಲು ಕೇಂದ್ರಕ್ಕೆ ಹೇಳಿತು. ನಮ್ಮ ಓಣಿಯ ಒಬ್ಬರು ಅಜ್ಜಿಯ ಡಯಾಲಿಸಿಸ್ ಆ ವಾರ ತಪ್ಪಿತು. ಗೆರೆ ಎಳೆಯುವವರಿಗೆ ದೊಡ್ಡ ನಕ್ಷೆ ಸಾಕು, ದಾಟುವವರಿಗೆ ಓಣಿ ಓಣಿಯೂ ಬೇಕು.

ರೈಲ್ವೆ ವಲಯ ಯಾವುದು ನಮ್ಮದು?

ದಕ್ಷಿಣ ರೈಲ್ವೆ, ಪಾಲಕ್ಕಾಡ್ ವಿಭಾಗ. ತಮಾಷೆ ಏನೆಂದರೆ ಮಂಗಳೂರು ಸೆಂಟ್ರಲ್ ಕೂಡ ಅದೇ ವಿಭಾಗದಲ್ಲಿದೆ. ರೈಲಿನ ಮಟ್ಟಿಗೆ ನಾವೂ ಮಂಗಳೂರಿನವರೂ ಒಂದೇ ಮನೆಯವರು.

ನಮ್ಮ ಮನೆ ಯಾವ ಯಾವ ವಲಯದಲ್ಲಿದೆ ಅಂತ ಒಂದೇ ಕಡೆ ನೋಡಬಹುದಾ?

ಇಲ್ಲ. ಒಂದೊಂದು ಇಲಾಖೆಗೆ ಒಂದೊಂದು ನಕ್ಷೆ. ಸಿಆರ್‌ಝಡ್‌ಗೆ ಕೇರಳ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರದ ನಕ್ಷೆ ನೋಡಬೇಕು. 1:4000 ಅಳತೆಯದ್ದೇ ಕೇಳಿ, ಅದರಲ್ಲಿ ಸರ್ವೆ ನಂಬರ್ ಕಾಣುತ್ತದೆ. ಚಿಕ್ಕ ಅಳತೆಯದ್ದರಲ್ಲಿ ನಿಮ್ಮ ಜಾಗವೂ ಹೊಳೆಯೂ ಒಂದೇ ಪೆನ್ಸಿಲ್ ಗೀಟಿನ ಅಡಿಗೆ ಹೋಗುತ್ತವೆ. ತೆರಿಗೆ ರಸೀದಿ ಜೊತೆಗಿರಲಿ.

ಬಾವನ ಮನೆ ಕಳೆದ ವರ್ಷ ಒಕ್ಕಲಾಯಿತು, ಜಾಗದ ಮೇಲಿನ ತುದಿಯಲ್ಲಿ. ಗೆರೆಯ ಒಳಗೆ ಕಟ್ಟಡ ಕೂಡದು, ಕೃಷಿ ಮಾಡಬಹುದು. ಹೊಳೆಗೆ ತಾಗಿದ ಕಡೆ ಒಂಬತ್ತು ತೆಂಗಿನ ಸಸಿ ಇಟ್ಟಿದ್ದಾರೆ. ತೆಂಗಿಗೆ ಸ್ವಲ್ಪ ಉಪ್ಪು ನೀರು ಆದೀತು.